ಮಗ ಊರಿಗೆ ಮರಳಿದ, ಮಗಳು ವಿದೇಶಕ್ಕೆ ಹೋದಳು: ಮನೆ ಬದಲಾಗುವಾಗ ಮಾಡಬೇಕಾದ್ದೇನು?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಒಂದು ಮನೆ ಬದಲಾಗುತ್ತಿದೆ ಎಂಬ ಸುಳಿವು ಮೊದಲು ಸಿಗುವುದು ತೋಟದ ಮಾತಿನಲ್ಲಿ. ‘ಈ ಮಳೆಗಾಲ ಔಷಧಿ ಹೊಡೆಸುವವರು ಯಾರು?’ ‘ಫಸಲು ಗುತ್ತಿಗೆಗೆ ಕೊಡೋಣ ಅಂದವರು ಯಾರು?’ ‘ಕೊನೆ ಕೊಯ್ಯಲು ಕೊನೆಗೌಡನಿಗೆ ಬರಹೇಳಿದ್ದು ಯಾರನ್ನು ಕೇಳಿ?’ ಮಾತೆಲ್ಲ ಅಡಿಕೆಯದ್ದು. ಅದರ ಹಿಂದೆ ಎಪ್ಪತ್ತು ದಾಟಿದ ಅಪ್ಪಯ್ಯನ ಮಂಡಿನೋವು ಇರುತ್ತದೆ, ಬೆಂಗಳೂರಿನ ಕೆಲಸ ಬಿಟ್ಟು ಬಂದ ಮಗನ ಅಳುಕು ಇರುತ್ತದೆ, ಊರಿಗೆ ಬರಲು ಅರೆಮನಸ್ಸಿನಿಂದ ಒಪ್ಪಿದ ಸೊಸೆಯ ಮೌನ ಇರುತ್ತದೆ. ಎಲ್ಲರ ನಡುವೆ ಮಾತು ದಾಟಿಸಿ ಸುಸ್ತಾದ ಆಯಿಯೂ ಇರುತ್ತಾರೆ.

ಈ ಮೂರು ತಾಲೂಕುಗಳಲ್ಲಿ ಇಂಥ ಬದಲಾವಣೆಗಳ ಪಟ್ಟಿ ಉದ್ದವಿದೆ. ಎಸ್ಸೆಸ್ಸೆಲ್ಸಿ ಮುಗಿದದ್ದೇ ಮಕ್ಕಳು ಉಜಿರೆ, ಮೂಡುಬಿದಿರೆ, ಧಾರವಾಡದ ಹಾಸ್ಟೆಲ್ ಸೇರುತ್ತಾರೆ. ಆಮೇಲೆ ಅವರು ಊರಿಗೆ ಬರುವುದು ಚೌತಿಗೆ, ದೀಪಾವಳಿಗೆ. ಕೊರೊನಾ ಕಾಲದಲ್ಲಿ ಲ್ಯಾಪ್‌ಟಾಪ್ ಹಿಡಿದು ಬಂದವರಲ್ಲಿ ಕೆಲವರು ಇಲ್ಲೇ ನಿಂತರು. ತೋಟ ನೋಡಿಕೊಂಡಿರುವ ಎಷ್ಟೋ ಗಂಡುಮಕ್ಕಳಿಗೆ ಹೆಣ್ಣು ಸಿಗದೆ ವಯಸ್ಸು ನಲವತ್ತರ ಹತ್ತಿರ ಬಂದಿದೆ. ಹೊರರಾಜ್ಯದಿಂದ ಸೊಸೆ ತಂದ ಮನೆಗಳೂ ಇವೆ. ತೋಟವಿಲ್ಲದ ಕೂಲಿ ಕುಟುಂಬಗಳಲ್ಲಿ ದುಡಿಯುವವರು ಗೋವಾಕ್ಕೋ ಹುಬ್ಬಳ್ಳಿಗೋ ಹೋಗಿ, ಮನೆಯಲ್ಲಿ ಮುದುಕರು, ಮಕ್ಕಳಷ್ಟೇ ಉಳಿಯುತ್ತಾರೆ. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದಾಗ ಕೆಲವು ಕುಟುಂಬಗಳ ಮನೆ, ತೋಟ, ರಸ್ತೆ ಒಟ್ಟಿಗೇ ಹೋದವು.

ಇಂಥ ಹೊತ್ತಿನಲ್ಲಿ ಕುಟುಂಬ ಆಪ್ತಸಲಹೆಗಾರರು ಏನು ಮಾಡುತ್ತಾರೆ? ಅವರ ಕ್ರಮದಲ್ಲಿ ಮನೆಮಂದಿಯೇ ಮಾಡಿಕೊಳ್ಳಬಹುದಾದ್ದು ಎಷ್ಟು? ಯಾವ ಹಂತದಲ್ಲಿ ಹೊರಗಿನ ನೆರವು ಪಡೆಯಬೇಕು? ಒಂದೊಂದಾಗಿ ನೋಡೋಣ.

ಒಬ್ಬರಿಗೆ ಬಂದ ಬದಲಾವಣೆ, ಎಲ್ಲರ ಜಾಗ ಪಲ್ಲಟ

ಒಬ್ಬರ ಮನಸ್ಸಿನ ಕಷ್ಟವನ್ನು ಇಡೀ ಕುಟುಂಬದ ಜೊತೆ ಇಟ್ಟು ನೋಡುವ ಕ್ರಮ ಕಳೆದ ಶತಮಾನದ ನಡುಭಾಗದಲ್ಲಿ ಬೆಳೆಯಿತು. ಅಮೆರಿಕದಲ್ಲಿ ಮರ್ರೆ ಬೋವೆನ್, ವರ್ಜೀನಿಯಾ ಸಟೀರ್, ಸಾಲ್ವಡಾರ್ ಮಿನುಚಿನ್ ಇದನ್ನು ಕಟ್ಟಿದ ಪ್ರಮುಖರು. ನಮ್ಮಲ್ಲೂ ಇದಕ್ಕೆ ಹಳೆಯ ಬೇರಿದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರಿಗೆ ಆಸ್ಪತ್ರೆಯ ಆವರಣದಲ್ಲೇ ಡೇರೆ ಹಾಕಿಸಿ, ಚಿಕಿತ್ಸೆಯಲ್ಲಿ ಅವರನ್ನೂ ಸೇರಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರ ಇದೆ.

ಸಂತೋಷದ ಬದಲಾವಣೆಯೂ ಮನಸ್ಸಿಗೆ ಭಾರವೇ. ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಅಮೆರಿಕದ ವೈದ್ಯರು 1967ರಲ್ಲಿ ಬದುಕಿನ 43 ಘಟನೆಗಳಿಗೆ ಅವು ತರುವ ಒತ್ತಡದ ಲೆಕ್ಕದಲ್ಲಿ ಅಂಕ ಕೊಟ್ಟರು. ಸಂಗಾತಿಯ ಸಾವಿಗೆ 100, ಮದುವೆಗೆ 50, ನಿವೃತ್ತಿಗೆ 45, ಮಕ್ಕಳು ಮನೆ ಬಿಟ್ಟು ಹೋಗುವುದಕ್ಕೆ 29, ಅತ್ತೆ-ಮಾವನ ಕಡೆಯ ತೊಂದರೆಗೂ 29, ಮನೆ ಬದಲಿಸುವುದಕ್ಕೆ 20. ಅಂಕಗಳು ಅಮೆರಿಕದವು, ನಮ್ಮ ಮನೆಗೆ ಹಾಗೇ ಹೊಂದುವುದಿಲ್ಲ. ಆದರೆ ಮದುವೆ, ನಿವೃತ್ತಿಯಂಥವೂ ಈ ಪಟ್ಟಿಯ ಮೇಲುಭಾಗದಲ್ಲಿವೆ ಎಂಬುದನ್ನು ಗಮನಿಸಬೇಕು. ಮಗನ ಮದುವೆಯಾದ ವರ್ಷವೇ ಅಪ್ಪಯ್ಯ ತೋಟದ ಯಜಮಾನಿಕೆ ಬಿಟ್ಟರೆ, ಅದೇ ವರ್ಷ ಮಗಳು ವಿದೇಶಕ್ಕೆ ಹೊರಟರೆ, ‘ಎಲ್ಲ ಒಳ್ಳೆಯದೇ ಆಯಿತಲ್ಲ, ಮತ್ತೇಕೆ ಮನೆಯಲ್ಲಿ ಕಿರಿಕಿರಿ?’ ಎಂದು ಕೇಳುವಂತಿಲ್ಲ.

ಕುಟುಂಬ ಆಪ್ತಸಲಹೆಯ ತಿರುಳು ಇಷ್ಟು: ತಪ್ಪು ಯಾರದ್ದು ಎಂದು ಹುಡುಕುವ ಮೊದಲು, ಮನೆಯಲ್ಲಿ ಯಾರ ಜಾಗ ಬದಲಾಯಿತು ಎಂದು ಹುಡುಕಬೇಕು. ಮುಂದಿನ ಹಂತಗಳೆಲ್ಲ ಇದರ ಮೇಲೆಯೇ ನಿಂತಿವೆ.

ಹಂತ 1: ಬದಲಾದದ್ದೇನು? ಎಲ್ಲರೂ ಬೇರೆ ಬೇರೆ ಬರೆಯಿರಿ

ಮನೆಯ ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಒಂದೇ ವಾಕ್ಯ ಬರೆಯಲಿ: ‘ನಮ್ಮ ಮನೆಯಲ್ಲಿ ಈಗ ಬದಲಾದದ್ದು ಏನೆಂದರೆ...’ ಬರೆಯಲು ಬಾರದವರು ಹೇಳಿದ್ದನ್ನು ಮಕ್ಕಳು ಬರೆದುಕೊಳ್ಳಲಿ. ಒಬ್ಬರದ್ದು ಇನ್ನೊಬ್ಬರು ನೋಡುವುದು ಕೊನೆಗೆ.

ಮಗ ‘ನಾನು ಊರಿಗೆ ಬಂದೆ’ ಎಂದು ಬರೆದಿರುತ್ತಾನೆ. ಅಪ್ಪಯ್ಯ ‘ನನ್ನ ಮಾತು ನಡೆಯುತ್ತಿಲ್ಲ’ ಎಂದು ಬರೆದಿರುತ್ತಾರೆ. ಸೊಸೆಯ ಚೀಟಿಯಲ್ಲಿ ‘ನನ್ನ ಸಂಬಳ ನಿಂತಿತು’ ಎಂದಿರಬಹುದು. ಆಯಿಯದ್ದು ‘ಎಂತೂ ಇಲ್ಲೆ, ಎಲ್ಲ ಅಡ್ಡಿಲ್ಲೆ’ ಎಂದೇ ಇರಬಹುದು. ಒಂದೇ ಘಟನೆಗೆ ನಾಲ್ಕು ಉತ್ತರ. ಯಾವುದೂ ಸುಳ್ಳಲ್ಲ. ಚರ್ಚೆ ಮಾಡದೆ ಚೀಟಿಗಳನ್ನು ಎತ್ತಿಡಿ.

ಹಂತ 2: ಮನೆಯ ನಕ್ಷೆ ಬರೆಯಿರಿ

ಆಪ್ತಸಲಹೆಗಾರರು ಮೊದಲ ಭೇಟಿಗಳಲ್ಲಿ ಮಾಡುವ ಕೆಲಸ ಇದು. ಜೀನೋಗ್ರಾಮ್ ಎಂದು ಅವರು ಕರೆಯುವ ಈ ನಕ್ಷೆಯಲ್ಲಿ ಮೂರು ತಲೆಮಾರು ಇರಬೇಕು. ಕ್ಯಾಲೆಂಡರ್ ಹಾಳೆಯ ಹಿಂಬದಿ ಸಾಕು.

ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಹಾಕಿ, ಒಳಗೆ ವಯಸ್ಸು ಬರೆಯಿರಿ. ತೀರಿಕೊಂಡವರ ಮೇಲೆ ಕಾಟು ಹಾಕಿ. ಗಂಡ-ಹೆಂಡತಿಯನ್ನು ಅಡ್ಡಗೆರೆಯಿಂದ ಸೇರಿಸಿ, ಮಕ್ಕಳನ್ನು ಅದರ ಕೆಳಗೆ ಇಳಿಸಿ. ಒಂದೇ ಒಲೆಯಲ್ಲಿ ಉಣ್ಣುವವರನ್ನೆಲ್ಲ ಸುತ್ತಿ ಒಂದು ಗೆರೆ ಎಳೆಯಿರಿ. ಆಮೇಲೆ ಸಂಬಂಧದ ಗೆರೆಗಳು: ಬಹಳ ಹತ್ತಿರದವರ ನಡುವೆ ಜೋಡಿಗೆರೆ, ದೂರವಾದವರ ನಡುವೆ ಚುಕ್ಕಿಗೆರೆ, ಜಗಳವಿದ್ದಲ್ಲಿ ಅಂಕುಡೊಂಕು ಗೆರೆ.

ಸಿದ್ದಾಪುರ ಕಡೆಯ ಒಂದು ಮನೆಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಿ. ಅಪ್ಪಯ್ಯನಿಗೆ 72, ಆಯಿಗೆ 66. ದೊಡ್ಡ ಮಗ ಬೆಂಗಳೂರಿನಲ್ಲಿ, ಮಗಳು ಅಮೆರಿಕದಲ್ಲಿ, ಮದುವೆಯಾಗದ ಸಣ್ಣ ಮಗ ಮನೆಯಲ್ಲಿ. ಸಣ್ಣ ಮಗ-ಅಪ್ಪಯ್ಯನ ನಡುವೆ ಅಂಕುಡೊಂಕು ಗೆರೆ. ಇಷ್ಟು ಎಲ್ಲರಿಗೂ ಗೊತ್ತಿದ್ದದ್ದೇ. ಮೇಲಿನ ತಲೆಮಾರು ಬರೆದಾಗ ಹೊಸ ಸಂಗತಿ ಕಾಣುತ್ತದೆ: ಅಜ್ಜ ತೀರಿಕೊಂಡಾಗ ಅಪ್ಪಯ್ಯನಿಗೆ ಇಪ್ಪತ್ತನಾಲ್ಕು. ತೋಟ ಅವರ ಕೈಗೆ ಬಂದದ್ದು ರಾತ್ರೋರಾತ್ರಿ. ಬದುಕಿರುವ ಅಪ್ಪ ಬೆಳೆದ ಮಗನಿಗೆ ತೋಟ ಹೇಗೆ ಬಿಟ್ಟುಕೊಡುತ್ತಾನೆ ಎಂಬುದನ್ನು ಈ ಮನೆಯಲ್ಲಿ ಯಾರೂ ಕಂಡಿಲ್ಲ. ಅಪ್ಪಯ್ಯನದ್ದು ಹಟ ಎಂದುಕೊಂಡಿದ್ದ ಮಗನಿಗೆ, ಅದು ಅಭ್ಯಾಸವಿಲ್ಲದ ಕೆಲಸ ಎಂದು ಗೊತ್ತಾಗುವುದು ಇಲ್ಲಿ. ನಕ್ಷೆ ಬರೆಯುವಾಗ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹಳೆಯ ಕತೆ ಹೇಳುವ ನೆಪದಲ್ಲಿ ಅವರು ಇಂದಿನ ಮಾತನ್ನೂ ಆಡುತ್ತಾರೆ.

ಹಂತ 3: ಯಾರಿಗೆ ಏನು ಹೋಯಿತು, ಏನು ಬಂತು

ಒಂದು ಹಾಳೆಯನ್ನು ಎರಡು ಕಂಬ ಮಾಡಿ. ಎಡಕ್ಕೆ ‘ಹೋದದ್ದು’, ಬಲಕ್ಕೆ ‘ಬಂದದ್ದು’. ಪ್ರತಿಯೊಬ್ಬರದ್ದೂ ಬರೆಯಿರಿ.

ಊರಿಗೆ ಮರಳಿದ ಮಗನಿಗೆ ಬಂದದ್ದು ತೋಟ, ಅಪ್ಪ-ಅಮ್ಮನ ಹತ್ತಿರದ ಬದುಕು. ಹೋದದ್ದು ತಿಂಗಳ ಸಂಬಳ, ಸಹೋದ್ಯೋಗಿಗಳು, ‘ಏನು ಮಾಡುತ್ತಿದ್ದೀರಿ?’ ಎಂದರೆ ಹೇಳುತ್ತಿದ್ದ ಕಂಪನಿಯ ಹೆಸರು. ಅಪ್ಪಯ್ಯನಿಗೆ ಬಂದದ್ದು ವಿಶ್ರಾಂತಿ. ಹೋದದ್ದು ಬೆಳಗ್ಗೆ ತೋಟಕ್ಕೆ ಇಳಿಯಲು ಇದ್ದ ಕಾರಣ. ಈ ಹೋದದ್ದರ ಕಂಬದ ಬಗ್ಗೆ ಯಾರೂ ಮಾತಾಡುವುದಿಲ್ಲ. ಹೊಟ್ಟೆಯೊಳಗೆ ಉಳಿದ ಅದು ಔಷಧಿ, ಗೊಬ್ಬರ, ಕೂಲಿಯ ಲೆಕ್ಕದಲ್ಲಿ ಸಿಟ್ಟಾಗಿ ಹೊರಬರುತ್ತದೆ.

ಅಮೆರಿಕದ ಲೇಖಕ ವಿಲಿಯಂ ಬ್ರಿಡ್ಜಸ್ 1980ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಬದಲಾವಣೆಗೆ ಮೂರು ಘಟ್ಟ ಹೇಳಿದರು: ಹಳೆಯದು ಮುಗಿಯುವುದು, ನಡುವಿನ ಅತಂತ್ರ ಕಾಲ, ಹೊಸದರ ಆರಂಭ. ಮನೆಯ ಎಲ್ಲರೂ ಒಂದೇ ಘಟ್ಟದಲ್ಲಿ ಇರುವುದಿಲ್ಲ. ಬೆಂಗಳೂರಿನಲ್ಲಿ ಎರಡು ವರ್ಷ ಯೋಚಿಸಿಯೇ ಬಂದ ಮಗ ಮೂರನೆಯದರಲ್ಲಿ ಇರುತ್ತಾನೆ. ಯುಗಾದಿಗೆ ವಿಷಯ ತಿಳಿದ ಅಪ್ಪಯ್ಯ ಇನ್ನೂ ಮೊದಲನೆಯದರಲ್ಲಿ. ‘ಇವರಿಗೆ ಯಾಕೆ ಅರ್ಥವಾಗುವುದಿಲ್ಲ’ ಎಂಬ ಸಿಡುಕಿಗೆ ಬಹಳ ಸಲ ಈ ಅಂತರವೇ ಕಾರಣ. ಮುಂದೆ ಹೋದವರು ಹಿಂದಿರುವವರಿಗಾಗಿ ಸ್ವಲ್ಪ ನಿಲ್ಲಬೇಕು.

ಹಂತ 4: ಕೂತು ಮಾತಾಡುವ ದಿನ ಆರಿಸಿ

ದಿನ ತಪ್ಪಿದರೆ ಮಾತೂ ತಪ್ಪುತ್ತದೆ. ಕೊನೆ ಕೊಯ್ಲಿನ ನಡುವೆ, ಅಂದರೆ ನವೆಂಬರ್‌ನಿಂದ ಫೆಬ್ರುವರಿಯವರೆಗಿನ ಸುಗ್ಗಿಯಲ್ಲಿ ಬೇಡ. ಅಡಿಕೆ ಬೇಯುವ ಹೊತ್ತಿಗೆ ಯಾರಿಗೂ ಕೂರಲು ಪುರಸೊತ್ತಿಲ್ಲ. ಚೌತಿಯ ದಿನವೂ ಬೇಡ. ಎಲ್ಲರೂ ಊರಿಗೆ ಬಂದಿದ್ದಾರೆ ಎಂದು ಹಿಸ್ಸೆಯ ಮಾತು ಹಬ್ಬದ ಮಧ್ಯಾಹ್ನವೇ ತೆಗೆದು, ಸಂಜೆಯ ಬಸ್ಸಿಗೆ ಮುಖ ಗಂಟು ಹಾಕಿಕೊಂಡು ಹೋದವರು ಎಷ್ಟಿಲ್ಲ? ಹಬ್ಬ ಮುಗಿದ ಮರುದಿನ ಒಂದು ದಿನ ಹೆಚ್ಚು ರಜೆ ಹಾಕಿ ಕೂರಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಈ ಚರ್ಚೆ ಬೇಡವೇ ಬೇಡ.

ಕೂರುವ ಕ್ರಮವೂ ಮುಖ್ಯ. ನಮ್ಮಲ್ಲಿ ಮಾತುಕತೆ ನಡೆಯುವುದು ಜಗುಲಿಯಲ್ಲಿ, ಆಡುವವರು ಗಂಡಸರು. ಹೆಂಗಸರು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿ, ನಡುವೆ ಚಹಾ ತಂದಿಟ್ಟು ಹೋಗುತ್ತಾರೆ. ಚಹಾ ಮೊದಲೇ ಫ್ಲಾಸ್ಕಿಗೆ ಹಾಕಿಡಿ, ತಿಂಡಿ ಡಬ್ಬಿ ಹತ್ತಿರ ಇಟ್ಟುಕೊಳ್ಳಿ, ಎಲ್ಲರೂ ಕೂರಿ. ವಿದೇಶದಲ್ಲಿರುವವರು ಫೋನಿನಲ್ಲಿ ಸೇರುವುದಾದರೆ ಅವರ ನಡುರಾತ್ರಿ ಆಗದಂತೆ ಹೊತ್ತು ನೋಡಿ. ನೆಟ್‌ವರ್ಕ್ ಸಿಗದ ಮನೆಯಾದರೆ ಅವರ ಅಭಿಪ್ರಾಯವನ್ನು ಮೊದಲೇ ಬರೆಸಿಕೊಂಡು ಓದಿ.

ನಿಯಮ ಮೂರೇ: ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ, ಇಪ್ಪತ್ತು ವರ್ಷ ಹಿಂದಿನ ಲೆಕ್ಕ ತೆಗೆಯುವಂತಿಲ್ಲ, ಒಂದೂವರೆ ಗಂಟೆಗೆ ನಿಲ್ಲಿಸಬೇಕು. ಮೊದಲ ದಿನ ತೀರ್ಮಾನ ಬೇಡ. ಚೀಟಿ, ನಕ್ಷೆ, ಎರಡು ಕಂಬದ ಹಾಳೆ ಎಲ್ಲರೂ ನೋಡಿದರೆ ಸಾಕು.

ಹಂತ 5: ನೇರ ಕೇಳದೆ ಸುತ್ತಿಸಿ ಕೇಳಿ

‘ನಿಮಗೆ ಏನಾಗುತ್ತಿದೆ?’ ಎಂದರೆ ಹಿರಿಯರು ‘ಏನಿಲ್ಲ’ ಎನ್ನುತ್ತಾರೆ. ಇಟಲಿಯ ಮಿಲಾನ್‌ನ ಕುಟುಂಬ ಚಿಕಿತ್ಸಕರು 1970ರ ದಶಕದಲ್ಲಿ ಇದಕ್ಕೆ ಒಂದು ಉಪಾಯ ಕಂಡುಕೊಂಡರು: ಇಬ್ಬರ ನಡುವಿನ ವಿಷಯವನ್ನು ಮೂರನೆಯವರನ್ನು ಕೇಳುವುದು.

ಸಣ್ಣ ಮಗನಿಗೆ: ‘ಅಪ್ಪಯ್ಯ ಸಿಟ್ಟಿನಲ್ಲಿ ಊಟ ಬಿಟ್ಟರೆ ಆಯಿ ಏನು ಮಾಡುತ್ತಾರೆ?’ ಆಯಿಗೆ: ‘ಮಗ ಊರಿಗೆ ಬಂದದ್ದು ಈ ಮನೆಯಲ್ಲಿ ಯಾರಿಗೆ ಹೆಚ್ಚು ಸಂತೋಷ? ಯಾರಿಗೆ ಹೆಚ್ಚು ಹೆದರಿಕೆ?’ ಸೊಸೆಗೆ: ‘ಇನ್ನು ಒಂದು ವರ್ಷದಲ್ಲಿ ಎಲ್ಲ ಸರಿಹೋದರೆ, ಅದನ್ನು ಮೊದಲು ಗುರುತಿಸುವವರು ಯಾರು? ಏನು ನೋಡಿ ಗುರುತಿಸುತ್ತಾರೆ?’ ಇಂಥ ಪ್ರಶ್ನೆಯಲ್ಲಿ ಆರೋಪ ಇರುವುದಿಲ್ಲ. ಕೇಳುತ್ತಾ ಕೂತ ಅಪ್ಪಯ್ಯನಿಗೆ ತನ್ನ ಬಗ್ಗೆ ಮನೆಯವರು ಏನು ಗಮನಿಸಿದ್ದಾರೆ ಎಂದು ತಿಳಿಯುತ್ತದೆ. ಬಹಳ ಸಲ ಅವರೇ ‘ಹಾಗಲ್ಲ ಅದು’ ಎಂದು ಬಾಯಿ ತೆರೆಯುತ್ತಾರೆ.

ಮಾತು ಬಾರದವರಿಗೆ ಅಂಕದ ಪ್ರಶ್ನೆ: ‘ಸೊನ್ನೆಯಿಂದ ಹತ್ತರಲ್ಲಿ ಈಗ ನೀವು ಎಷ್ಟರಲ್ಲಿದ್ದೀರಿ?’ ‘ಮೂರು’ ಎಂದರೆ, ‘ಅದು ನಾಲ್ಕಾಗಲು ಈ ತಿಂಗಳು ಏನಾಗಬೇಕು?’ ಉತ್ತರ ಸಣ್ಣದಾಗಿಯೇ ಇರುತ್ತದೆ: ‘ವಾರಕ್ಕೊಮ್ಮೆ ಶಿರಸಿ ಪೇಟೆಗೆ ಕರೆದುಕೊಂಡು ಹೋಗಲಿ.’ ಅಷ್ಟನ್ನು ಮೊದಲು ಮಾಡಿ.

ಹಂತ 6: ಮಾತು ದಾಟಿಸುವ ಕೆಲಸ ನಿಲ್ಲಿಸಿ

‘ಆಯಿ, ನೀವೇ ಅಪ್ಪಯ್ಯನಿಗೆ ಹೇಳಿ.’ ‘ಅವನಿಗೆ ಹೇಳು, ಮೋಟಾರು ರಿಪೇರಿಗೆ ದುಡ್ಡಿಲ್ಲ ಅಂತ.’ ಇಬ್ಬರ ನಡುವೆ ಬಿಗಿತ ಹೆಚ್ಚಾದಾಗ ಮೂರನೆಯವರನ್ನು ಎಳೆದುಕೊಳ್ಳುವುದನ್ನು ಬೋವೆನ್ ತ್ರಿಕೋನ ಎಂದು ಕರೆದರು. ತ್ರಿಕೋನದ ಮೂರನೇ ಮೂಲೆಯಲ್ಲಿ ನಿಂತವರಿಗೆ ನಿದ್ದೆ ಕೆಡುವುದು, ತಲೆನೋವು, ಬಿಪಿ ಏರುವುದು ಕಂಡರೆ ಆಶ್ಚರ್ಯವಿಲ್ಲ. ಕೆಲವು ಮನೆಗಳಲ್ಲಿ ಆ ಮೂಲೆಯಲ್ಲಿ ಹತ್ತು ವರ್ಷದ ಮಗು ನಿಂತಿರುತ್ತದೆ.

ಇಂದಿನಿಂದ ಒಂದು ಕಟ್ಟಳೆ ಮಾಡಿಕೊಳ್ಳಿ: ಯಾರಿಗೆ ಹೇಳಬೇಕೋ ಅವರಿಗೇ ಹೇಳುವುದು. ಆಯಿ ಹೇಳಬೇಕಾದ್ದು ಒಂದೇ ಮಾತು: ‘ಅದನ್ನು ನೀನೇ ಅಪ್ಪಯ್ಯನ ಹತ್ತಿರ ಹೇಳು, ನಾನು ಪಕ್ಕದಲ್ಲಿ ಇರುತ್ತೇನೆ.’ ಬೆಂಗಳೂರಿನ ದೊಡ್ಡ ಮಗ ರಾತ್ರಿ ಫೋನಿನಲ್ಲಿ ಇಬ್ಬರ ದೂರನ್ನೂ ಬೇರೆ ಬೇರೆ ಕೇಳಿಸಿಕೊಂಡು ತೀರ್ಪು ಕೊಡುವುದೂ ಇದೇ ತ್ರಿಕೋನವೇ.

ಹಂತ 7: ಕೆಲಸ, ಹಣ, ನಿರ್ಧಾರ ಬರೆದು ಹಂಚಿಕೊಳ್ಳಿ

ಎರಡನೇ ಕೂಟಕ್ಕೆ ಇದೊಂದೇ ವಿಷಯ. ತೋಟ, ಕೊಟ್ಟಿಗೆ, ಅಡುಗೆ, ದೇವರ ಪೂಜೆ, ಬ್ಯಾಂಕು, ಆಸ್ಪತ್ರೆ: ಪ್ರತಿಯೊಂದರ ಮುಂದೆ ಮೂರು ಪ್ರಶ್ನೆ. ಮಾಡುವವರು ಯಾರು? ನಿರ್ಧರಿಸುವವರು ಯಾರು? ಖರ್ಚು ಯಾರ ಕೈಯಿಂದ? ಮಾಡುವವರೇ ಬೇರೆ, ನಿರ್ಧರಿಸುವವರೇ ಬೇರೆ ಇರುವ ಸಾಲುಗಳಲ್ಲಿ ಜಗಳದ ಬೀಜ ಸಿಗುತ್ತದೆ.

ಹಣದ ಮಾತು ಬಿಡಬೇಡಿ. ಅಡಿಕೆ ಹೋಗುವುದು ಅಪ್ಪಯ್ಯನ ಹೆಸರಿನ ಸೊಸೈಟಿ ಖಾತೆಗೆ. ವರ್ಷವಿಡೀ ತೋಟದಲ್ಲಿ ದುಡಿದ ಮಗ ಬೈಕಿಗೆ ಪೆಟ್ರೋಲ್ ಹಾಕಿಸಲೂ ಕೈ ಚಾಚಬೇಕು. ಹೊರಗೆ ದುಡಿಯುವ ಅಣ್ಣನ ಸಂಬಳಕ್ಕೆ ಲೆಕ್ಕವಿದೆ, ಮನೆಯಲ್ಲಿದ್ದವನ ದುಡಿಮೆಗೆ ಲೆಕ್ಕವಿಲ್ಲ. ತಿಂಗಳಿಗೆ ಇಷ್ಟು ಎಂದು ಮಗನ ಖಾತೆಗೆ, ಸೊಸೆಯ ಖಾತೆಗೆ ಹಾಕುವ ಕ್ರಮ ಮಾಡಿ. ಮೊತ್ತ ಮನೆಯ ಶಕ್ತಿಯಂತೆ ಇರಲಿ. ಕೇಳದೆ ಬರಬೇಕು ಎಂಬುದೇ ಮುಖ್ಯ.

ಯಜಮಾನಿಕೆಯನ್ನು ಒಂದೇ ದಿನ ದಾಟಿಸುವುದೂ ಬೇಡ. ಮಳೆಗಾಲಕ್ಕೆ ಮುಂಚಿನ ಮೊದಲ ಔಷಧಿಯಿಂದ ಹಿಡಿದು ಅಡಿಕೆ ಸೊಸೈಟಿಗೆ ಹೋಗುವವರೆಗೆ ಒಂದು ಸುತ್ತು ಮಗ ನೋಡಿಕೊಳ್ಳಲಿ. ಅಪ್ಪಯ್ಯ ಲೆಕ್ಕ ಇಡಲಿ, ಕೇಳಿದರೆ ಸಲಹೆ ಕೊಡಲಿ. ಸುಗ್ಗಿ ಮುಗಿದ ಮೇಲೆ ಕೂತು ನೋಡಿ. ಕೊಳೆರೋಗ ಬಂದರೆ ‘ನಾನು ಹೇಳಿರಲಿಲ್ಲವೇ’ ಎನ್ನುವುದಿಲ್ಲ ಎಂದು ಮೊದಲೇ ಒಪ್ಪಿಕೊಳ್ಳಿ. ಕೊಳೆ, ಎಲೆಚುಕ್ಕಿ ಅನುಭವಿಗಳ ತೋಟಕ್ಕೂ ಬರುತ್ತದೆ.

ಹಂತ 8: ಮೂರು ತಿಂಗಳಿಗೊಮ್ಮೆ ಮತ್ತೆ ಕೂರಿ

ಹಂತ 1ರ ಚೀಟಿಗಳನ್ನು ತೆಗೆದು ಓದಿ. ಹಂತ 5ರ ಅಂಕ ಈಗ ಎಷ್ಟಾಯಿತು ಕೇಳಿ. ನಡೆಯದ ಹಂಚಿಕೆ ಬದಲಿಸಿ. ಮೊದಲ ಪ್ರಯತ್ನ ಕೆಟ್ಟಿತೆಂದು ಕೂಟವನ್ನೇ ಬಿಡಬೇಡಿ.

ಐದು ಸಂದರ್ಭ, ಐದು ಎಚ್ಚರ

*ಹಿಸ್ಸೆ.* 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಹುಟ್ಟಿನಿಂದಲೇ ಇದೆ. 2005ಕ್ಕೆ ಮೊದಲೇ ತಂದೆ ತೀರಿದ್ದರೂ ಈ ಹಕ್ಕು ಇದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಹೆಣ್ಣುಮಕ್ಕಳನ್ನು ಸಹಿಗೆ ಮಾತ್ರ ಕರೆಯಬೇಡಿ, ಮಾತಿಗೂ ಕರೆಯಿರಿ. ಹಿರಿಯರು ಆಸ್ತಿ ದಾನಪತ್ರ ಮಾಡಿಕೊಡುವಾಗ ‘ನಮ್ಮನ್ನು ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಆ ಮಾತು ತಪ್ಪಿದರೆ ಹಿರಿಯ ನಾಗರಿಕರ 2007ರ ಕಾಯ್ದೆಯಡಿ ಪತ್ರ ರದ್ದುಪಡಿಸಲು ಅವಕಾಶವಿದೆ. ಮೂರೂ ತಾಲೂಕಿನವರು ಇದಕ್ಕೆ ಅರ್ಜಿ ಕೊಡಬೇಕಾದ್ದು ಶಿರಸಿಯ ಸಹಾಯಕ ಆಯುಕ್ತರ ಕಚೇರಿಗೆ.

*ಹೊಸ ಸೊಸೆ.* ಅಡುಗೆಮನೆಯಲ್ಲಿ ಅವಳಿಗೆ ಒಂದು ಹೊತ್ತು ಪೂರ್ತಿ ಬಿಟ್ಟುಕೊಡಿ. ಹೊರರಾಜ್ಯದಿಂದ ಬಂದವಳಾದರೆ ಗಂಡನೊಬ್ಬನೇ ದುಭಾಷಿ ಆಗಬಾರದು. ಅತ್ತೆ, ನೆರೆಮನೆಯ ಹೆಂಗಸರು, ಸ್ವಸಹಾಯ ಸಂಘದವರು ದಿನಕ್ಕೆ ನಾಲ್ಕು ಮಾತು ಕಲಿಸಲಿ, ಅವಳ ಭಾಷೆಯ ನಾಲ್ಕು ಮಾತು ತಾವೂ ಕಲಿಯಲಿ. ತವರಿಗೆ ಫೋನು ಮಾಡಲು ನೆಟ್‌ವರ್ಕ್ ಸಿಗುವ ಜಾಗ, ವಾರಕ್ಕೊಮ್ಮೆ ಪೇಟೆ ಇವು ಸೌಕರ್ಯಕ್ಕಿಂತ ಹೆಚ್ಚಿನವು.

*ಸಂಗಾತಿಯ ಸಾವು.* ಹದಿಮೂರನೇ ದಿನದವರೆಗೆ ಮನೆ ತುಂಬ ಜನ. ಕಷ್ಟ ಶುರುವಾಗುವುದು ಹದಿನಾಲ್ಕನೇ ದಿನ. ಮಾಸಿಕದ ದಿನಗಳನ್ನು ಮಕ್ಕಳು ಪಾಳಿ ಹಾಕಿಕೊಂಡು ಬರಲು ಬಳಸಿ. ತೀರಿಕೊಂಡವರು ಮಾಡುತ್ತಿದ್ದ ಕೆಲಸಗಳ ಪಟ್ಟಿ ಮಾಡಿ: ಪಾಸ್‌ಬುಕ್ ನೋಡುತ್ತಿದ್ದವರು, ರಾತ್ರಿ ಬಾಗಿಲು ಹಾಕುತ್ತಿದ್ದವರು, ಮೊಮ್ಮಗನಿಗೆ ಫೋನು ಮಾಡುತ್ತಿದ್ದವರು. ತೀರಾ ಅನಿವಾರ್ಯವಲ್ಲದಿದ್ದರೆ ವರ್ಷಾಂತಿಕದವರೆಗೆ ತೋಟ ಮಾರುವ, ಆಯಿಯನ್ನು ಬೇರೆ ಊರಿಗೆ ಒಯ್ಯುವ ತೀರ್ಮಾನ ಬೇಡ.

*ಹಿರಿಯರು ಬೆಂಗಳೂರಿಗೆ.* ಮೊದಲು ಮಳೆಗಾಲದ ಎರಡು ತಿಂಗಳು ಹೋಗಿ ಬರಲಿ. ವಾಪಸಾಗುವ ದಿನ ಮೊದಲೇ ಗೊತ್ತಿರಲಿ. ದನಗಳನ್ನು ತಕ್ಷಣ ಮಾರಬೇಡಿ, ಊರ ಮನೆಯಲ್ಲಿ ದೇವರ ದೀಪ ಹಚ್ಚುವವರನ್ನು ಗೊತ್ತುಮಾಡಿ. ಅಲ್ಲಿ ಅವರಿಗೆ ಮಾಡಲು ಕೆಲಸ ಒಂದಿರಬೇಕು, ಟಿವಿ ಕೆಲಸವಲ್ಲ.

*ನೆಲೆ ತಪ್ಪಿದವರು.* ಗುಡ್ಡ ಕುಸಿದ ಊರಿನವರ ಸ್ಥಿತಿ ಬೇರೆ. ಜಾಗ ಕಣ್ಣೆದುರೇ ಇದೆ, ಇರಲು ಧೈರ್ಯವಿಲ್ಲ. ಇರುವುದೋ ಹೋಗುವುದೋ ತೀರ್ಮಾನವಾಗುವುದಿಲ್ಲ. ಹೀಗೆ ಮುಗಿಯದ ನಷ್ಟದ ದುಃಖ ಸಾವಿನ ದುಃಖಕ್ಕಿಂತ ಹೆಚ್ಚು ಕಾಲ ಕಾಡಬಹುದು ಎಂದು ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ ತೋರಿಸಿದ್ದಾರೆ. ಇಂಥವರಿಗೆ ‘ಮರೆತುಬಿಡಿ’ ಎನ್ನಬೇಡಿ. ಒಂದೇ ಊರಿನ ಕುಟುಂಬಗಳು ಆಗಾಗ ಒಟ್ಟು ಸೇರುವಂತೆ ಮಾಡಿ. ಮಳೆ ಜೋರಾದ ರಾತ್ರಿ ಮಕ್ಕಳು ಎಚ್ಚರವಾಗಿ ಕೂತರೆ ಬೈಯಬೇಡಿ.

ಮನೆಯಲ್ಲೇ ಬಗೆಹರಿಯದಿದ್ದಾಗ

ಕೆಳಗಿನವು ಕಂಡರೆ ಮನೆಯ ಕೂಟ ಸಾಲದು, ವೈದ್ಯರನ್ನು ಕಾಣಬೇಕು: ಎರಡು ವಾರಕ್ಕೂ ಮೀರಿ ಸತತ ಬೇಸರ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ನಿದ್ದೆ-ಊಟ ಕೆಡುವುದು, ಕುಡಿತ ಹೆಚ್ಚುವುದು, ಆಪ್ತರು ತೀರಿ ಆರು ತಿಂಗಳಾದ ಮೇಲೂ ದಿನನಿತ್ಯದ ಕೆಲಸ ಮಾಡಲಾಗದಷ್ಟು ದುಃಖ, ಮಕ್ಕಳು ಶಾ‌ಲೆಗೆ ಹೋಗಲು ಒಪ್ಪದಿರುವುದು.

ಮನೆಯಲ್ಲಿ ಹೊಡೆತ-ಬಡಿತ ಇದ್ದರೆ ಎಲ್ಲರನ್ನೂ ಕೂರಿಸಿ ಮಾತಾಡುವ ಕ್ರಮ ಬೇಡ. ಪೆಟ್ಟು ತಿನ್ನುವವರು ಬಾಯಿ ಬಿಟ್ಟರೆ ಅವರಿಗೇ ಅಪಾಯ. ಮೊದಲು ಅವರ ರಕ್ಷಣೆ.

ಸಾಯುವ ಮಾತು ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ‘ಸಾಯುವ ಯೋಚನೆ ಬರುತ್ತಿದೆಯೇ?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಅವರನ್ನು ಒಂಟಿಯಾಗಿ ಬಿಡಬೇಡಿ. ಕೊಟ್ಟಿಗೆಯಲ್ಲೋ ಅಟ್ಟದಲ್ಲೋ ಇಟ್ಟ ಕಳೆನಾಶಕ, ಕೀಟನಾಶಕ, ಮೈಲುತುತ್ತವನ್ನು ಅದೇ ದಿನ ಬೀಗ ಹಾಕಿಡಿ, ಇಲ್ಲವೇ ಮನೆಯಿಂದಲೇ ಸಾಗಿಸಿ. ತೋಟದ ಮನೆಗಳಲ್ಲಿ ಈ ಒಂದು ಕೆಲಸ ಜೀವ ಉಳಿಸುತ್ತದೆ.

ಎಲ್ಲಿಗೆ ಹೋಗಬೇಕು? ಅಲ್ಲಿ ಏನಾಗುತ್ತದೆ?

ಮೊದಲು ತಾಲೂಕು ಸರ್ಕಾರಿ ಆಸ್ಪತ್ರೆ. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮನೋವೈದ್ಯರು ನಿಗದಿತ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿ. ಹೆಚ್ಚಿನ ಚಿಕಿತ್ಸೆಗೆ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಖಾಸಗಿಯಾಗಿ ಹೋಗುವುದಾದರೆ ಓದಿನ ಬಗ್ಗೆ ಕೇಳಲು ಸಂಕೋಚ ಬೇಡ: ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು.

ಮೊದಲ ಭೇಟಿ ಸುಮಾರು ಒಂದು ಗಂಟೆ. ಯಾರು ಬಂದಿದ್ದಾರೆ, ಯಾರು ಬಂದಿಲ್ಲ, ಬರಲು ಒಪ್ಪಿದ್ದು ಯಾರು ಎಂದು ಕೇಳುತ್ತಾರೆ. ನಕ್ಷೆ ಬರೆಯುತ್ತಾರೆ. ಯಾರ ಪರವೂ ತೀರ್ಪು ಕೊಡುವುದಿಲ್ಲ. ‘ನನ್ನ ಮಗನಿಗೆ ನೀವೇ ಬುದ್ಧಿ ಹೇಳಿ’ ಎಂದರೆ ಒಪ್ಪುವುದಿಲ್ಲ. ಅಪ್ಪಯ್ಯ ಬರಲು ಒಪ್ಪದಿದ್ದರೆ ಒಪ್ಪಿದವರಷ್ಟೇ ಹೋಗಿ. ಮನೆಯಲ್ಲಿ ಇಬ್ಬರ ನಡವಳಿಕೆ ಬದಲಾದರೆ ಮೂರನೆಯವರದ್ದೂ ಬದಲಾಗಲು ಶುರುವಾಗುತ್ತದೆ. ಊರಿಗೆಲ್ಲ ಗೊತ್ತಾದೀತೆಂಬ ಹೆದರಿಕೆ ಸಹಜ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕೆಂಬ ಹಕ್ಕನ್ನು ನಿಮಗೆ ಕೊಟ್ಟಿದೆ.

ಬರೆದಿಟ್ಟುಕೊಳ್ಳಿ

* ಟೆಲಿ ಮಾನಸ್: 14416. 2022ರ ಅಕ್ಟೋಬರ್ 10ರಂದು ಶುರುವಾದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು.
* ಹಿರಿಯ ನಾಗರಿಕರ ಸಹಾಯವಾಣಿ: 14567
* ಮಹಿಳಾ ಸಹಾಯವಾಣಿ: 181
* ಮಕ್ಕಳ ಸಹಾಯವಾಣಿ: 1098
* ತುರ್ತು ನೆರವು: 112

ಎಂಟೂ ಹಂತ ಒಟ್ಟಿಗೆ ಆಗಬೇಕೆಂದಿಲ್ಲ. ಈ ವಾರ ಒಂದನೇ ಹಂತದ ಚೀಟಿ ಬರೆಸಿ, ಮುಂದಿನ ವಾರ ಹಿರಿಯರ ಪಕ್ಕ ಕೂತು ನಕ್ಷೆ ಬರೆಯಿರಿ. ತೋಟದ ಪಾಲು, ಮನೆಯ ಕೀಲಿ, ಬೆಂಗಳೂರಿನ ಟಿಕೆಟ್ ಇವುಗಳ ತೀರ್ಮಾನ ಅದಾದ ಮೇಲೆಯೇ ಇರಲಿ.